ಹೊಟ್ಟೆ ಕಟ್ಟಿದರೂ ಗ್ರೀಸಿನ ಸಾಲ ಯಾಕೆ ಇಳಿಯಲಿಲ್ಲ?



"ಮನೆ ನಡೆಸೋ ಹಾಗೆ ದೇಶ ನಡೆಸಿದ್ರೆ ಸಾಲಾನೇ ಆಗಲ್ಲ" ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಆಫೀಸ್ ಕ್ಯಾಬ್‌ನಲ್ಲಿ, ಕ್ಯಾಂಟೀನ್‌ನಲ್ಲಿ, ಊರಿಗೆ ಫೋನ್ ಮಾಡಿದಾಗ ಅಪ್ಪನ ಬಾಯಲ್ಲಿ. ಖರ್ಚು ಕಡಿಮೆ ಮಾಡು, ಸಾಲ ತೀರಿಸು, ಅಷ್ಟೇ ತಾನೇ? ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆ ಲೆಕ್ಕ ಎಲ್ಲಿ ಕೈಕೊಡುತ್ತೆ ಅಂತ ಅರ್ಥ ಆಗಿದ್ದು ಗ್ರೀಸ್ ದೇಶದ ಕಥೆ ಓದಿದ ಮೇಲೆ. ಓದ್ತಾ ಓದ್ತಾ ನೆನಪಾಗಿದ್ದು ಪುಣೆಯ ಒಂದು ಖಾನಾವಳಿ. ಅದಕ್ಕೆ ಆಮೇಲೆ ಬರ್ತೀನಿ.

ಸಾಲ ಬಂದಿದ್ದು ಹೇಗೆ

ಗ್ರೀಸ್ 2001ರಲ್ಲಿ ತನ್ನ ಹಳೇ ನಾಣ್ಯ ಡ್ರಾಕ್ಮಾ ಬಿಟ್ಟು ಯೂರೋ ಕೂಟಕ್ಕೆ ಸೇರಿತು. ಅಲ್ಲಿವರೆಗೆ ಗ್ರೀಸಿಗೆ ಸಾಲ ಕೊಡೋರು ಹೆಚ್ಚು ಬಡ್ಡಿ ಕೇಳ್ತಿದ್ರು. ಯೂರೋ ಬಂದ ಮೇಲೆ ಹೆಚ್ಚೂ ಕಡಿಮೆ ಜರ್ಮನಿಗೆ ಸಿಗೋ ಬಡ್ಡಿಗೇ ಗ್ರೀಸಿಗೂ ಸಾಲ ಸಿಕ್ಕಿತು. ಸರ್ಕಾರಗಳು ಧಾರಾಳವಾಗಿ ಎತ್ತಿದವು. ತೆರಿಗೆ ವಸೂಲಿ ಮಾತ್ರ ಕೆಟ್ಟದಾಗಿತ್ತು. ಅಥೆನ್ಸ್‌ನ ಶ್ರೀಮಂತ ಉತ್ತರ ಬಡಾವಣೆಗಳಲ್ಲಿ ತಮ್ಮ ಮನೇಲಿ ಈಜುಕೊಳ ಇದೆ ಅಂತ ತೆರಿಗೆಯವರಿಗೆ ಹೇಳಿದವರು 324 ಜನ. ಉಪಗ್ರಹದ ಫೋಟೋ ನೋಡಿ ಎಣಿಸಿದಾಗ ಸಿಕ್ಕಿದ್ದು 16,974 ಕೊಳ!

2009ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಬಂತು. ಬಜೆಟ್ ಕೊರತೆ ಜಿಡಿಪಿಯ ಶೇ. 12.7ರಷ್ಟಿದೆ ಅಂತ ಹೇಳಿತು. ಹಿಂದಿನವರು ಹೇಳಿದ್ದರ ದುಪ್ಪಟ್ಟಿಗಿಂತ ಹೆಚ್ಚು. ಕೊನೆಗೆ ಲೆಕ್ಕ ಸರಿಮಾಡಿದಾಗ ಅದು ಶೇ. 15 ದಾಟಿತ್ತು. ಸಾಲ ಕೊಡೋರು ಬಾಗಿಲು ಹಾಕಿಕೊಂಡರು. ಆದ್ದರಿಂದ ಗ್ರೀಸ್ ತಪ್ಪೇ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಪ್ರಶ್ನೆ ಇರೋದು ಕಾಯಿಲೆಗೆ ಕೊಟ್ಟ ಔಷಧಿಯ ಬಗ್ಗೆ.

ಕೊಟ್ಟ ಔಷಧಿ

2010ರ ಮೇ ತಿಂಗಳಲ್ಲಿ 110 ಬಿಲಿಯನ್ ಯೂರೋ ಸಾಲದ ಒಪ್ಪಂದ ಆಯ್ತು. 80 ಬಿಲಿಯನ್ ಯೂರೋ ದೇಶಗಳಿಂದ, 30 ಬಿಲಿಯನ್ ಐಎಂಎಫ್‌ನಿಂದ. ಉಸ್ತುವಾರಿಗೆ ಮೂರು ಸಂಸ್ಥೆ: ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಐಎಂಎಫ್. ಇದಕ್ಕೇ 'ಟ್ರೋಯ್ಕಾ' ಅಂತ ಹೆಸರು. ಮುಖ್ಯ ಷರತ್ತು: ಖರ್ಚು ಕಡಿತ, ತೆರಿಗೆ ಹೆಚ್ಚಳ. ಸರ್ಕಾರಿ ಸಂಬಳ, ಪಿಂಚಣಿ ಕತ್ತರಿಸಿದರು. ವ್ಯಾಟ್ ಶೇ. 19ರಿಂದ 23ಕ್ಕೆ ಏರಿತು. 2012ರಲ್ಲಿ ಕನಿಷ್ಠ ವೇತನವನ್ನೇ ಶೇ. 22ರಷ್ಟು ಇಳಿಸಿದರು. 25 ವರ್ಷದೊಳಗಿನವರಿಗೆ ಶೇ. 32.

ಇಲ್ಲೊಂದು ವಿಷಯ ಗಮನಿಸಿ. ನಮ್ಮ ದೇಶಕ್ಕೆ 1991ರಲ್ಲಿ ಕಷ್ಟ ಬಂದಾಗ ನಾವು ಜುಲೈನಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿದ್ವಿ. ಹಾಗೆ ಮಾಡಿದ್ರೆ ನಮ್ಮ ಸರಕು ಹೊರಗಿನವರಿಗೆ ಅಗ್ಗ ಆಗುತ್ತೆ, ರಫ್ತಿಗೆ ಉಸಿರು ಬರುತ್ತೆ. ಗ್ರೀಸಿಗೆ ಈ ದಾರಿ ಇರಲಿಲ್ಲ, ಯಾಕಂದ್ರೆ ಯೂರೋ ಅವರೊಬ್ಬರದ್ದಲ್ಲ. ನಾಣ್ಯದ ಬೆಲೆ ಇಳಿಸೋಕಾಗದೆ ಜನರ ಸಂಬಳ ಇಳಿಸಿದರು.

ಈಗ ಖಾನಾವಳಿಗೆ ಬರೋಣ

2009. ಅಮೆರಿಕದ ಆರ್ಥಿಕ ಹಿಂಜರಿತದ ಬಿಸಿ ಪುಣೆಗೂ ತಟ್ಟಿತ್ತು. ಹಿಂಜವಡಿಯ ಒಂದು ಕಂಪನಿಯಲ್ಲಿ ನಾನು ಬೆಂಚ್ ಮೇಲಿದ್ದೆ. ವೇರಿಯಬಲ್ ಪೇ ನಿಂತಿತ್ತು, ಯಾವಾಗ ಕರೆದು ಕೈಗೆ ಪತ್ರ ಕೊಡ್ತಾರೋ ಅನ್ನೋ ಭಯ. ನಾವು ಆರು ಜನ ಹುಡುಗರು ಒಂದು ಫ್ಲಾಟ್. ಊಟ ಮಾತ್ರ ಧಾರವಾಡ ಕಡೆಯ ಒಬ್ಬ ಕಾಕು ನಡೆಸ್ತಿದ್ದ ಖಾನಾವಳೀಲಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಿಂಗಳ ಲೆಕ್ಕ.

ಒಂದು ದಿನ ಆರೂ ಜನ ಕೂತು ಲೆಕ್ಕ ಹಾಕಿದ್ವಿ. ಖಾನಾವಳಿ ಬಿಟ್ಟು ರೂಮಲ್ಲೇ ಅನ್ನ, ಮ್ಯಾಗಿ ಮಾಡ್ಕೊಂಡ್ರೆ ದುಡ್ಡು ಉಳಿಯುತ್ತೆ. ಸರಿಯಾದ ನಿರ್ಧಾರವೇ. ಆದರೆ ಅದೇ ತಿಂಗಳು ಪಕ್ಕದ ಬಿಲ್ಡಿಂಗ್‌ನವರೂ ಅದೇ ನಿರ್ಧಾರ ತಗೊಂಡ್ರು, ಅದರಾಚೆಯವರೂ ತಗೊಂಡ್ರು. ಕಾಕು ಮೊದಲು ರೊಟ್ಟಿ ಬಡಿಯೋ ಇಬ್ಬರು ಹೆಂಗಸರನ್ನ ಊರಿಗೆ ಕಳಿಸಿದ್ರು. ಆಮೇಲೆ ಒಂದೇ ಹೊತ್ತು ಊಟ ಅಂದ್ರು. ಕೊನೆಯ ಸಲ ಹೋದಾಗ ನನ್ನ ಬಾಕಿ 640 ರೂಪಾಯಿ ಇತ್ತು. "ಇರ್ಲಿ ಬಿಡೋ ತಮ್ಮಾ, ಕೆಲ್ಸ ಹತ್ತಿದ ಮ್ಯಾಲ ಕೊಡು" ಅಂದ್ರು.

ನಾನು ಮಾಡಿದ ಉಳಿತಾಯ ಕಾಕುಗೆ ನಷ್ಟ, ಕಾಕು ಮಾಡಿದ ಉಳಿತಾಯ ಆ ಇಬ್ಬರು ಹೆಂಗಸರಿಗೆ ನಷ್ಟ. ಒಂದು ಮನೆ ಖರ್ಚು ನಿಲ್ಲಿಸಿದರೆ ಆ ಮನೆಯ ಆದಾಯಕ್ಕೆ ಏನೂ ಆಗಲ್ಲ, ಸಂಬಳ ಹೊರಗಿಂದ ಬರುತ್ತೆ. ದೇಶ ಹಾಗಲ್ಲ. ಅಲ್ಲಿ ಒಬ್ಬರ ಖರ್ಚೇ ಇನ್ನೊಬ್ಬರ ಆದಾಯ. ಜನರೂ ಕಂಪನಿಗಳೂ ಹೆದರಿ ಕೈ ಬಿಗಿ ಹಿಡಿದಾಗ ಸರ್ಕಾರವೂ ಅದನ್ನೇ ಮಾಡಿದ್ರೆ ಎಲ್ಲರ ಆದಾಯವೂ ಒಟ್ಟಿಗೇ ಬೀಳುತ್ತೆ.

ಲೆಕ್ಕ ತಪ್ಪಿದ್ದೆಲ್ಲಿ

ಸರ್ಕಾರ ನೂರು ಯೂರೋ ಕಡಿತ ಮಾಡಿದ್ರೆ ದೇಶದ ಆದಾಯ ಎಷ್ಟು ಬೀಳುತ್ತೆ? ಈ ಪ್ರಮಾಣಕ್ಕೆ ಅರ್ಥಶಾಸ್ತ್ರದಲ್ಲಿ 'ಮಲ್ಟಿಪ್ಲೈಯರ್' ಅಂತಾರೆ. ಆಗಿನ ಮುನ್ನಂದಾಜುಗಳಲ್ಲಿ ಇದು ಸುಮಾರು 0.5 ಅನ್ನೋ ಎಣಿಕೆ ಇತ್ತು, ಅಂದ್ರೆ 50 ಯೂರೋ. ಹಿಂಜರಿತದ ಆ ವರ್ಷಗಳಲ್ಲಿ ನಿಜವಾಗಿ ಇದು 0.9ರಿಂದ 1.7ರವರೆಗೆ ಇದ್ದಿರಬಹುದು ಅಂತ 2012ರಲ್ಲಿ ಐಎಂಎಫ್ ತಾನೇ ಬರೆಯಿತು. ಗ್ರೀಸಿನ ಬಗ್ಗೆ 2013ರ ಅದರ ವರದಿ ಇನ್ನೂ ನೇರ: 2009ರಿಂದ 2012ಕ್ಕೆ ಜಿಡಿಪಿ ಶೇ. 5.5 ಇಳಿಯುತ್ತೆ ಅಂದುಕೊಂಡಿದ್ದು, ಇಳಿದದ್ದು ಶೇ. 17. ನಿರುದ್ಯೋಗ ಶೇ. 15 ಅಂದುಕೊಂಡಿದ್ದು, ಆಗಿದ್ದು ಶೇ. 25.

ಈಗ ಒಂದು ಸಣ್ಣ ಲೆಕ್ಕ. ನಿಮ್ಮ ಆದಾಯ 100, ಸಾಲ 127 ಅಂದುಕೊಳ್ಳಿ. ಸಾಲ ಆದಾಯದ ಶೇ. 127. ಇದು 2009ರ ಗ್ರೀಸ್. ಹೊಸ ಸಾಲ ಒಂದು ಪೈಸೆ ಮಾಡಲಿಲ್ಲ, ಆದರೆ ಆದಾಯ 75ಕ್ಕೆ ಬಿತ್ತು. ಈಗ ಅದೇ ಸಾಲ ಆದಾಯದ ಶೇ. 169! ಗ್ರೀಸಿನಲ್ಲಿ ಆಗಿದ್ದು ಇದೇ. ಒಟ್ಟು ಸಾಲ 2009ರಲ್ಲಿ ಸುಮಾರು 300 ಬಿಲಿಯನ್ ಯೂರೋ, 2014ರಲ್ಲಿ ಸುಮಾರು 320. ಮಧ್ಯೆ 2012ರಲ್ಲಿ ಖಾಸಗಿ ಸಾಲಗಾರರಿಗೆ ಕೊಡಬೇಕಿದ್ದ ಅಸಲಿನಲ್ಲಿ ಶೇ. 53.5 ಮನ್ನಾ ಕೂಡ ಆಗಿತ್ತು. ಆದರೂ ಜಿಡಿಪಿಗೆ ಹೋಲಿಸಿದ ಸಾಲ ಶೇ. 180ರ ಹತ್ತಿರ ಹೋಯ್ತು, ಯಾಕಂದ್ರೆ ಜಿಡಿಪಿ ಕಾಲುಭಾಗ ಕರಗಿತ್ತು.

2012ರಲ್ಲಿ ಮನೆ ಬೆಚ್ಚಗಿಡೋ ಎಣ್ಣೆ ಮೇಲೆ ತೆರಿಗೆ ಸಿಕ್ಕಾಪಟ್ಟೆ ಏರಿಸಿದರು. ಜನ ಎಣ್ಣೆ ಕೊಳ್ಳೋದೇ ಬಿಟ್ಟು ಸೌದೆ ಸುಟ್ಟರು. ಬೊಕ್ಕಸಕ್ಕೆ ಅಂದುಕೊಂಡಷ್ಟು ದುಡ್ಡು ಬರಲಿಲ್ಲ, ಅಥೆನ್ಸ್ ತುಂಬಾ ಹೊಗೆ ಬಂತು.

2015ರಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಜೂನ್ 29ರಿಂದ ಬ್ಯಾಂಕ್ ಬಂದ್, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರ ಜನಮತದಲ್ಲಿ ಶೇ. 61 ಜನ ಟ್ರೋಯ್ಕಾದ ಷರತ್ತು ಬೇಡ ಅಂದರು. ಒಂದೇ ವಾರದಲ್ಲಿ ಅದೇ ಸರ್ಕಾರ ಮೂರನೇ ಸಾಲಕ್ಕೆ, ಅಷ್ಟೇ ಕಠಿಣ ಷರತ್ತುಗಳಿಗೆ ಒಪ್ಪಿಕೊಂಡಿತು. ಈ ಸಾಲದ ಕಾರ್ಯಕ್ರಮಗಳು ಮುಗಿದಿದ್ದು 2018ರ ಆಗಸ್ಟ್ 20ಕ್ಕೆ.

ಹಾಗಾದ್ರೆ ಏನು ಮಾಡಬೇಕಿತ್ತು?

ಸಾಲವೇ ಸಿಗದಿದ್ದರೆ ಕಡಿತ ಒಂದೇ ದಿನದಲ್ಲಿ, ಇನ್ನೂ ಕ್ರೂರವಾಗಿ ಆಗ್ತಿತ್ತು ಅನ್ನೋದು ನಿಜ. ತೆರಿಗೆಗಳ್ಳರನ್ನ ಹಿಡಿಯಲೇಬೇಕಿತ್ತು, ಅದೂ ನಿಜ. ಆದರೆ ಸಾಲಮನ್ನಾ 2012ರ ತನಕ ಕಾಯದೆ 2010ರಲ್ಲೇ ಆಗಿದ್ದರೆ, ಕಡಿತ ನಿಧಾನಕ್ಕೆ ಆಗಿದ್ದರೆ, ನೋವು ಕಡಿಮೆ ಇರ್ತಿತ್ತು ಅಂತ ನನಗನಿಸುತ್ತೆ. ಯಾಕಂದ್ರೆ ಮೊದಲ ಸಾಲದ ದೊಡ್ಡ ಪಾಲು ಹೋಗಿದ್ದು ಹಳೇ ಸಾಲಗಾರರ ಕೈಗೆ. ಬೆಲೆ ತೆತ್ತವರು ಹುಡುಗರು. ಡಾಕ್ಟರು, ಇಂಜಿನಿಯರುಗಳೂ ಸೇರಿ ಜನ ಲಕ್ಷಗಟ್ಟಲೆ ದೇಶ ಬಿಟ್ಟರು. ನಾವು ಊರು ಬಿಟ್ಟಿದ್ದು ಹೆಚ್ಚು ಸಂಬಳಕ್ಕೆ, ಅವರು ಬಿಟ್ಟಿದ್ದು ಸಂಬಳ ಅನ್ನೋದು ಸಿಗಲಿ ಅಂತ.

ಮುಂದಿನ ಸಲ ಯಾರಾದ್ರೂ ದೇಶವನ್ನ ಮನೆ ಥರ ನಡೆಸಬೇಕು ಅಂದ್ರೆ ಒಂದೇ ಪ್ರಶ್ನೆ ಕೇಳಿ: ಆ ಕಡಿತ ಯಾರ ಆದಾಯ?

2010ರಲ್ಲಿ ನನಗೆ ಪ್ರಾಜೆಕ್ಟ್ ಸಿಕ್ಕಿತು. ಮೊದಲ ತಿಂಗಳೇ ದುಡ್ಡು ತಗೊಂಡು ಖಾನಾವಳಿಗೆ ಹೋದೆ. ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಕಾಕು ಊರಿಗೆ ಹೋದ್ರಂತೆ, ಯಾವ ಊರು ಅಂತ ಅಂಗಡಿಯವನಿಗೆ ಗೊತ್ತಿರಲಿಲ್ಲ. ಆ 640 ರೂಪಾಯಿ ಇವತ್ತಿಗೂ ನನ್ನ ಮೇಲೇ ಇದೆ.