ಚಟ ಬಿಟ್ಟವನಿಗೆ ಕೆಲಸ: ಊರಿನ ಮಾತು, ಕಾನೂನಿನ ಮಾತು

ಹಾನಗಲ್ಲಿನ ಭತ್ತದ ಗದ್ದೆ, ಹಿರೇಕೆರೂರಿನ ಗೋವಿನಜೋಳದ ಹೊಲ, ಸವಣೂರಿನ ವೀಳ್ಯದೆಲೆ ತೋಟ, ಶಿಗ್ಗಾಂವಿ ಪೇಟೆಯ ಅಂಗಡಿ, ಎಲ್ಲಿ ಹೋದರೂ ಒಂದು ಮಾತು ಬೇರುಬಿಟ್ಟಿದೆ: ಕುಡಿದು ಹಾಳಾದವನು ಮೊದಲು ಪೂರ್ತಿ ಸುಧಾರಿಸಲಿ, ಕೆಲಸದ ಮಾತು ಆಮೇಲೆ. ಅದರ ಬೆನ್ನಿಗೇ ಇನ್ನೊಂದು: ಕಾನೂನೂ ಅಂಥವನ ಪರ ಇಲ್ಲ. ಮೊದಲನೆಯದು ತಪ್ಪು. ಎರಡನೆಯದರಲ್ಲಿ ಅರ್ಧ ಸತ್ಯ ಬೆರೆತಿರುವುದರಿಂದ ಅದನ್ನೇ ಮೊದಲು ಬಿಡಿಸಿ ನೋಡಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ತಂದಿತು. ಹಿಂದೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಎಂಬುದೊಂದನ್ನೇ ಹಿಡಿದು ಈಗಲೂ ಅವನಿಗೆ ಕಾಯಿಲೆ ಇದೆ ಎಂದು ತೀರ್ಮಾನಿಸಬಾರದು ಎನ್ನುತ್ತದೆ ಅದರ 3ನೇ ಸೆಕ್ಷನ್. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುವುದು 23ನೆಯದು. ಹಾಗಾಗಿ ಡಾಕ್ಟರ ಹತ್ತಿರ ಹೋದರೆ ಸಾವುಕಾರರಿಗೆ ಸುದ್ದಿ ಮುಟ್ಟುತ್ತದೆ ಎಂಬ ಅಂಜಿಕೆಗೆ ಕಾನೂನಿನ ಆಧಾರವಿಲ್ಲ. ಗಾಂಜಾದಂಥ ಚಟದ ವಿಷಯದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧವಷ್ಟೇ ಇದ್ದು, ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಅದರ 64ಎ ಸೆಕ್ಷನ್ ಅವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಅರ್ಧಕ್ಕೇ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬದ ಕೂಲಿಕಾರನಿಂದ ಕೇಳಿದ್ದು ಇಷ್ಟೇ: ವಯಸ್ಕನಾಗಿರಬೇಕು, ಕೆಲಸಕ್ಕೆ ತಾನಾಗಿ ಮುಂದೆ ಬರಬೇಕು. ನಿನ್ನೆ ಏನಾಗಿದ್ದೆ ಎಂದು ಅದು ಕೇಳಲಿಲ್ಲ. ಆದರೆ ಚಟ ಬಿಟ್ಟವನನ್ನು ಆ ಕಾರಣಕ್ಕೆ ದೂರವಿಡಬೇಡ ಎಂದು ಖಾಸಗಿ ಮಾಲೀಕನಿಗೆ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಆ ಗೆರೆ ಎಳೆದಿದೆ: ಅಕ್ರಮ ಮಾದಕ ವಸ್ತುವನ್ನು ಈಗಲೂ ಬಳಸುತ್ತಿರುವವನಿಗೆ ರಕ್ಷಣೆಯಿಲ್ಲ, ಬಿಟ್ಟು ಚಿಕಿತ್ಸೆಯಲ್ಲಿರುವವನಿಗೆ ಇದೆ. ನಮಗೆ ಬೇಕಿರುವುದೂ ಅಂಥದೇ ಗೆರೆ.

ಇನ್ನು ಮೊದಲ ನಂಬಿಕೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಒಂಬತ್ತನೆಯ ಬೆಳಗ್ಗೆ ಮನೆಯಲ್ಲಿ ಏಳುವವನನ್ನು ಯಾರೂ ಕೂಲಿಗೆ ಕರೆಯದಿದ್ದರೆ ಅವನ ಮುಂದಿರುವುದು ಉದ್ದನೆಯ ಖಾಲಿ ಹಗಲು. ಕರೆಯುವವರು ಹಳೆಯ ಗೆಳೆಯರು ಮಾತ್ರ, ಕರೆಯುವುದು ಹಳೆಯ ಜಾಗಕ್ಕೇ. ದುಡಿಮೆ ಸುಧಾರಣೆಯ ನಂತರ ಸಿಗುವ ಬಹುಮಾನವಲ್ಲ. ಸುಧಾರಣೆ ನಿಲ್ಲುವುದೇ ಅದರ ಮೇಲೆ. ‘ಮತ್ತೆ ಕುಡಿದ, ಆದ್ದರಿಂದ ಬಿಟ್ಟದ್ದೇ ಸುಳ್ಳು’ ಎನ್ನುವವರು ಒಂದು ಅಧ್ಯಯನವನ್ನು ಗಮನಿಸಬೇಕು. ಮೆಕ್‌ಲೆಲನ್ ಮತ್ತು ಸಂಗಡಿಗರು 2000ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ತೋರಿಸಿದಂತೆ, ಚಿಕಿತ್ಸೆ ಪಡೆದ ನೂರು ಜನರಲ್ಲಿ 40ರಿಂದ 60 ಮಂದಿ ವರ್ಷದೊಳಗೆ ಮತ್ತೆ ಜಾರುತ್ತಾರೆ. ಬಿಪಿ, ಅಸ್ತಮಾ ಮರುಕಳಿಸುವ ಪ್ರಮಾಣವೂ ಇದಕ್ಕಿಂತ ಕಡಿಮೆಯಿಲ್ಲ. ಬಿಪಿ ಏರಿತೆಂದು ಯಾರನ್ನೂ ನಾವು ಸುಳ್ಳುಗಾರ ಎನ್ನುವುದಿಲ್ಲ.

ಮಾಲೀಕರ ಆಕ್ಷೇಪ ಹಗುರವಾದದ್ದಲ್ಲ. ಗೋವಿನಜೋಳದ ರಾಶಿ ಮಷೀನಿನ ಬಾಯಿಗೆ ತೆನೆ ಕೊಡುವವನ ಬೆರಳು ನಡುಗಿದರೆ ಹೋಗುವುದು ಕೈಯೇ. ಆ ಭಯ ನಿಜವಾದದ್ದು, ಕಾನೂನೂ ಅದನ್ನು ಒಪ್ಪುತ್ತದೆ. ಅಮಲಿನಲ್ಲಿದ್ದದ್ದೇ ಕಾರಣವಾಗಿ ಆದ ಗಾಯಕ್ಕೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಬಂದಿಲ್ಲದಿದ್ದರೆ, ಮಾಲೀಕ ಹೊಣೆಯಲ್ಲ ಎನ್ನುತ್ತಿತ್ತು 1923ರ ಕಾರ್ಮಿಕ ಪರಿಹಾರ ಕಾಯ್ದೆ. ಸದಾ ಕುಡಿಯುವವನ ಲೈಸೆನ್ಸ್ ರದ್ದು ಮಾಡಲು 1988ರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಕುಡಿದು ಬಂದವನನ್ನು ಸಹಿಸಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಮಷೀನಿನ ಬಾಯಿಂದ ಸ್ವಲ್ಪ ದಿನ ದೂರವಿಟ್ಟು, ಕಣದಲ್ಲಿ ಕಾಳು ಹರವಲು, ಚೀಲದ ಬಾಯಿ ಹೊಲಿಯಲು ಅವನನ್ನು ಕರೆಯಬಹುದು. ಸಂಜೆ ಕೈಗೆ ನಗದು ಬೀಳುವ ಹೊತ್ತೇ ಅತಿ ಕಷ್ಟದ ಹೊತ್ತು. ಅವನು ಒಪ್ಪಿದರೆ ಕೂಲಿಯನ್ನು ಖಾತೆಗೆ ಹಾಕಬಹುದು. ಇದಕ್ಕೆ ಕಾಯ್ದೆಯನ್ನು ಕಾಯಬೇಕಾಗಿಲ್ಲ.

ಕಾಯ್ದೆ ಬೇಕಾಗಿರುವುದು ಇನ್ನೊಂದು ಕಡೆ. ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಮೇಲೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿದೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಇದೆ. ಆದರೆ ದಿನಗೂಲಿಯವನು ಮಂಗಳವಾರ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಇಲ್ಲ. ಅಂಥ ಒಂದು ದಿನಕ್ಕೆ ಸಂಬಳದ ರಜೆ ಕೊಡುವ ಸಾಲು ಯಾವ ಕಾನೂನಿನಲ್ಲೂ ಅವನಿಗಾಗಿ ಬರೆದಿಲ್ಲ. ಅದನ್ನು ಬರೆಯುವವರೆಗೆ ಮಾತ್ರೆಯೋ ಮಕ್ಕಳ ಊಟವೋ ಎಂಬ ಲೆಕ್ಕವನ್ನು ಅವನು ಪ್ರತಿ ಮಂಗಳವಾರ ಬೆಳಗ್ಗೆ ಒಬ್ಬನೇ ಹಾಕಬೇಕು.