ಸಾಲದಿಂದ ‘ಶಲ್’, ಅರಿವಿನಿಂದ ‘ಕ್ಯಾನ್’

ತಡವಾಗಿ ಬಂದ ಹುಡುಗ ತರಗತಿಯ ಹೊಸ್ತಿಲಾಚೆ ನೆಟ್ಟಗೆ ನಿಂತು ಒಂದೇ ಉಸಿರಿಗೆ ‘ಮೇ ಐ ಕಮಿನ್ ಮಿಸ್’ ಎನ್ನುತ್ತಾನೆ. ನಮ್ಮ ಕಡೆಯ ಎಷ್ಟೋ ಮಕ್ಕಳ ಬಾಯಲ್ಲಿ ಮೊದಲು ಹೊರಡುವ ಇಂಗ್ಲಿಷ್ ವಾಕ್ಯ ಅದು. ನಾನೂ ಹಾಗೆ ನಿಂತವನೇ. ಒಮ್ಮೆ ಬಾಯಿ ತಪ್ಪಿ ‘ಕ್ಯಾನ್ ಐ’ ಎಂದುಬಿಟ್ಟೆ. ಟೀಚರ್ ಹಾಜರಿ ಪುಸ್ತಕದಿಂದ ತಲೆಯೆತ್ತಿ, ‘ಒಳಗೆ ಬರೋಕೆ ಕಾಲಲ್ಲಿ ಶಕ್ತಿ ಇಲ್ವೇನೋ? ಮೇ ಅನ್ನು’ ಎಂದರು. ಶಕ್ತಿಗೆ ಕ್ಯಾನ್, ಅಪ್ಪಣೆಗೆ ಮೇ. ಆ ಪಾಠ ಅಂದೇ ಗಟ್ಟಿಯಾಯಿತು.

ಎಷ್ಟೋ ವರ್ಷಗಳ ಮೇಲೆ ಪದಗಳ ಹುಟ್ಟು ಹೇಳುವ ನಿಘಂಟು ತೆರೆದಾಗ ಬೆರಗಾಯಿತು. ಶಕ್ತಿ ಎಂಬ ಅರ್ಥವಿದ್ದದ್ದು ‘ಮೇ’ಗೇ! ಬಲ ಎನ್ನುವ ‘ಮೈಟ್’ ನಾಮಪದವೂ ಅದೇ ಬೇರಿನದು. ‘ಕ್ಯಾನ್’ಗೆ ಇದ್ದ ಅರ್ಥ ಅರಿವು, ತಿಳಿವಳಿಕೆ. ‘ಶಲ್’ ಎಂದರೆ ಸಾಲ ತೀರಿಸಬೇಕಾಗಿರುವುದು. ‘ವಿಲ್’ ಎಂದರೆ ಬಯಕೆ. ಶಾಲೆಯಲ್ಲಿ ನಾವು ‘ಬಹುದು’, ‘ಬೇಕು’ ಎಂದು ಎರಡು ಕಂಬದ ಪಟ್ಟಿ ಮಾಡಿ ಬಾಯಿಪಾಠ ಹೊಡೆದ ಈ ಪುಟ್ಟ ಪದಗಳು ಒಂದು ಕಾಲಕ್ಕೆ ಮೈತುಂಬಿದ ಕ್ರಿಯಾಪದಗಳಾಗಿದ್ದವು. ಮನುಷ್ಯನಿಗೆ ಎದುರಿನವರೊಂದಿಗೆ, ಎದುರಿನ ವಸ್ತುವಿನೊಂದಿಗೆ ಯಾವ ಸಂಬಂಧ ಎಂಬುದನ್ನು ಒಂದೊಂದೂ ಹೇಳುತ್ತಿತ್ತು.

ಅವನ್ನು ಆ ಹಳೆಯ ಮೈಕಟ್ಟಿನಲ್ಲಿ ನೋಡಬೇಕಾದರೆ ದನದ ಕೊಟ್ಟಿಗೆಯೊಂದಕ್ಕೆ ಹೋಗಬೇಕು. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿಯಲ್ಲಿ, ಏಳನೆಯ ಶತಮಾನದಲ್ಲಿ, ಹಿಲ್ಡ್ ಎಂಬ ಮಠಾಧಿಪತಿಯ ಕಾಲದಲ್ಲಿ ಕ್ಯಾಡ್ಮನ್ ಎಂಬ ದನ ಕಾಯುವವನಿದ್ದ. ಊಟದ ಕೂಟಗಳಲ್ಲಿ ತಂತಿವಾದ್ಯ ಕೈಯಿಂದ ಕೈಗೆ ಸಾಗುತ್ತಿತ್ತು. ಯಾರ ಮುಂದೆ ಬಂತೋ ಅವರು ಹಾಡಬೇಕು. ಅದು ತನ್ನತ್ತ ಬರುವುದು ಕಂಡೊಡನೆ ಕ್ಯಾಡ್ಮನ್ ನಾಚಿಕೊಂಡು ಎದ್ದು ಹೊರಟುಬಿಡುತ್ತಿದ್ದ. ಅಂಥ ಒಂದು ರಾತ್ರಿ ಅವನು ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು, ಹಾಡು ಎಂದರು. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಲ್ಯಾಟಿನ್ ಚರಿತ್ರೆಯಲ್ಲಿ ಈ ಕಥೆಯಿದೆ. ಅದರ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಆ ಮಾತುಕತೆ ಓದಿದರೆ ನಮ್ಮ ಪದಗಳಲ್ಲಿ ಮೂರು ಸಾಲಾಗಿ ಎದ್ದು ಬರುತ್ತವೆ. ತನಗೆ ಹಾಡು ತಿಳಿಯದು ಎನ್ನಲು ಕ್ಯಾಡ್ಮನ್ ಬಳಸುವುದು ಇಂದಿನ ‘ಕ್ಯಾನ್’ನ ಪೂರ್ವಜನನ್ನು. ಆದರೂ ನಿನ್ನಲ್ಲಿ ಹಾಡುವ ಬಲ ಇದೆ ಎಂದು ಕನಸಿನ ವ್ಯಕ್ತಿ ಹೇಳುವುದು, ಇಂದು ಹೆಚ್ಚಾಗಿ ಓದುವ ಪಾಠದಲ್ಲಿ, ‘ಮೇ’ಯ ಪೂರ್ವಜನಿಂದ. ಹಾಗಾದರೆ ಏನನ್ನು ಹಾಡಲಿ ಎಂಬ ಮರುಪ್ರಶ್ನೆಗೆ ‘ಶಲ್’ನ ಪೂರ್ವಜ. ಕೊನೆಗೆ ಅವನ ಬಾಯಿಂದ ಹೊಮ್ಮಿದ ದೇವರ ಸ್ತುತಿಯ ಮೊದಲ ಮಾತಲ್ಲೂ ಅದೇ ಋಣದ ಕ್ರಿಯಾಪದ.

ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅರಿವಿಲ್ಲ ಎಂದು ಕೈಚೆಲ್ಲಿದವನಿಗೆ ಬಲವಿದೆ ಎಂಬ ಉತ್ತರ. ಅಲ್ಲಿಂದ, ಸಲ್ಲಿಸಬೇಕಾದದ್ದು ಏನು ಎಂಬ ಹುಡುಕಾಟ. ಇದನ್ನೆಲ್ಲ ಬರಿಯ ‘ಸಹಾಯಕ ಕ್ರಿಯಾಪದ’ ಎಂದು ಕರೆಯಲು ಮನಸ್ಸಾಗುವುದಿಲ್ಲ.

ಮುಂದಿನದು ಕುರ್ಚಿ ಆಟದ ಹಾಗೆ. ಅಪ್ಪಣೆಯ ಕುರ್ಚಿಯಲ್ಲಿ ಮೊದಲು ಕೂತಿದ್ದದ್ದು ‘ಮೋಟ್’ ಎಂಬ ಪದ. ಅದು ನಿಧಾನವಾಗಿ ಕಡ್ಡಾಯದತ್ತ ಜರುಗಿತು. ಅದರ ಭೂತಕಾಲದ ರೂಪವೇ ಇಂದಿನ ‘ಮಸ್ಟ್’. ಬಲದ ‘ಮೇ’ ಅಪ್ಪಣೆಯ ಜಾಗಕ್ಕೆ ಬಂತು. ಬಲದ ಜಾಗಕ್ಕೆ ಅರಿವಿನ ‘ಕ್ಯಾನ್’ ಬಂತು. ಈಗ ‘ಕ್ಯಾನ್’ ಅಪ್ಪಣೆಯ ಕುರ್ಚಿಯನ್ನೂ ಹಿಡಿಯುತ್ತಿದೆ. ನಮ್ಮ ಟೀಚರ್ ಕಾವಲು ನಿಂತದ್ದು ಆ ಒಂದು ಜರುಗುವಿಕೆಗೆ. ‘ಆಟ್’ ಪದದ ಪಯಣ ಇನ್ನೂ ಚೆನ್ನ: ಮೊದಲು ಅದರ ಮೂಲಕ್ಕೆ ಹೊಂದಿರುವುದು ಎಂಬ ಅರ್ಥವಿತ್ತು, ಆಮೇಲೆ ಕೊಡಬೇಕಾಗಿರುವುದು, ಕೊನೆಗೆ ಮಾಡುವುದು ಧರ್ಮ ಎಂಬ ಅರ್ಥ.

ಈ ಪದಗಳಿಗೆ ‘ಹಿ’, ‘ಶಿ’ ಬಂದಾಗ ಕೊನೆಗೆ ‘ಎಸ್’ ಏಕೆ ಹತ್ತುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಇವುಗಳಲ್ಲಿ ಬಹುಪಾಲು ಮೂಲದಲ್ಲಿ ಭೂತಕಾಲದ ರೂಪಗಳು, ಅದಕ್ಕೆ. ಕನ್ನಡದವರಿಗೆ ಇದು ಸುಲಭವಾಗಿ ಹೊಳೆಯಬೇಕು. ‘ಗೊತ್ತಾಯ್ತು’ ಎನ್ನುವಾಗ ನಾವೂ ಆಗಿಹೋದ ಕ್ರಿಯೆಯನ್ನು ಹೇಳಿ ಈಗಿನ ಅರಿವನ್ನು ಸೂಚಿಸುತ್ತೇವೆ. ‘ವಿಲ್’ ಮಾತ್ರ ಬೇರೆ ಮನೆಯಿಂದ ಬಂದು ಇವರ ಜೊತೆ ಸೇರಿಕೊಂಡದ್ದು.

1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್ನಿನಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಗಣಿತದಲ್ಲಿ ಅನಂತದ ಗುರುತಾದ ∞ ಅನ್ನು ತಂದವನೂ ಅವನೇ. ‘ನಾನು’ ಎಂಬುದರ ಜೊತೆ ‘ಶಲ್’ ಬಂದರೆ ಬರಿಯ ಮುನ್ಸೂಚನೆ, ‘ವಿಲ್’ ಬಂದರೆ ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ; ‘ನೀನು’, ‘ಅವನು’ ಬಂದರೆ ಇದು ತಿರುಗುಮುರುಗು ಎಂದು ಅವನು ನಿಯಮ ಹಾಕಿದ. ನಮ್ಮ ಶಾಲೆಗಳ ‘ಐ ಶಲ್, ವಿ ಶಲ್’ ಪಾಠದ ಬೇರು ಅಲ್ಲಿದೆ. ನಿಯಮ ವಿಚಿತ್ರವೆನಿಸಿದರೂ ಹಿಂದಿನ ನೋಟ ಸರಿಯಾದದ್ದೇ. ನನ್ನ ಬಯಕೆಯನ್ನು ನಾನು ಹೇಳಬಲ್ಲೆ, ನಿನ್ನ ಬಯಕೆಗೆ ನಾನು ಹೊಣೆಯಾಗಲಾರೆ. ನಿನ್ನ ಮೇಲೆ ಋಣ ಹೊರಿಸಿದರೆ ಅದು ಆಜ್ಞೆಯಾಗುತ್ತದೆ.

ಆ ಋಣ ಇಂದಿಗೂ ಮಾಸದೆ ಉಳಿದಿರುವುದು ಕಾನೂನಿನಲ್ಲಿ. ನಮ್ಮ ಸಂವಿಧಾನದ 14ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ, ಕಾನೂನಿನ ಮುಂದಿನ ಸಮಾನತೆಯನ್ನು ಯಾವ ವ್ಯಕ್ತಿಗೂ ರಾಜ್ಯ ನಿರಾಕರಿಸುವಂತಿಲ್ಲ ಎನ್ನಲು ಬಳಸಿರುವುದು ‘ಶಲ್ ನಾಟ್’. ನಾನು ಅದನ್ನು ಹಳೆಯ ಅರ್ಥದಲ್ಲೇ ಓದುತ್ತೇನೆ: ಇಲ್ಲಿ ಸಾಲಗಾರ ರಾಜ್ಯ, ಸಾಲ ಬರಬೇಕಾದವರು ನಾವು. ಕನ್ನಡದ ಶಾಸನಭಾಷೆ ಈ ‘ಶಲ್’ಗೆ ‘ತಕ್ಕದ್ದು’ ಎನ್ನುತ್ತದೆ. ಸಾಲದ ಜಾಗಕ್ಕೆ ಯೋಗ್ಯತೆ ಬಂತು. ಅದೂ ಒಳ್ಳೆಯ ಪದವೇ.

‘ಮೇ’ಯ ಕಥೆ ಕರ್ನಾಟಕಕ್ಕೇ ತಾಗಿದೆ. ರಾಜ್ಯದಲ್ಲಿ ಸಂವಿಧಾನಬದ್ಧ ಆಡಳಿತ ಸಾಧ್ಯವಿಲ್ಲವೆಂದು ಮನವರಿಕೆಯಾದರೆ ರಾಷ್ಟ್ರಪತಿ ಘೋಷಣೆ ಹೊರಡಿಸಬಹುದು ಎನ್ನುವ 356ನೇ ವಿಧಿಯಲ್ಲಿರುವುದು ‘ಮೇ’. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾಗೊಂಡದ್ದು ಈ ವಿಧಿಯಡಿ. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಈ ಅಧಿಕಾರಕ್ಕೂ ಮಿತಿಯಿದೆ, ನ್ಯಾಯಾಲಯ ಅದನ್ನು ಪರಿಶೀಲಿಸಬಹುದು, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದಿತು. ಹೊಸ್ತಿಲಲ್ಲಿ ನಿಂತ ಹುಡುಗನ ಬಾಯಲ್ಲಿ ವಿನಯವಾಗಿದ್ದ ಪದ, ದೆಹಲಿಯ ಕಡತದಲ್ಲಿ ತನ್ನ ಹಳೆಯ ಬಲದೊಂದಿಗೆ ಕೂತಿತ್ತು.

ಕನ್ನಡದ ಕಡೆ ತಿರುಗಿದರೆ ಹೋಲಿಕೆಗಳು ಕೈಗೆ ಸಿಗುತ್ತವೆ. ‘ಲೈಟ್ ಉರೀತಿದೆ, ಮನೇಲೇ ಇರಬೇಕು’ ಎಂದರೆ ಊಹೆ. ‘ಸಂಜೆ ಆರಕ್ಕೆ ಮನೇಲಿರಬೇಕು’ ಎಂದರೆ ಕಟ್ಟಪ್ಪಣೆ. ಇಂಗ್ಲಿಷಿನ ‘ಮಸ್ಟ್’ ಕೂಡ ಹೀಗೇ ಎರಡೂ ಕೆಲಸ ಮಾಡುತ್ತದೆ. ‘ಬಲ್ಲೆ’ ಅರಿವೂ ಹೌದು, ಸಾಮರ್ಥ್ಯವೂ ಹೌದು, ಥೇಟ್ ‘ಕ್ಯಾನ್’ನಂತೆ. ಆದರೆ ದಿನನಿತ್ಯದ ಮಾತಿನಲ್ಲಿ ನಾವು ‘ಈಜಬಲ್ಲೆ’ ಎನ್ನುವುದಿಲ್ಲ, ‘ನನಗೆ ಈಜು ಬರುತ್ತೆ’ ಎನ್ನುತ್ತೇವೆ. ವಿದ್ಯೆ ನಮ್ಮ ಬಳಿಗೆ ಬರುತ್ತದೆ. ‘ಬಹುದು’, ‘ಬಾರದು’ ಎರಡೂ ಈ ‘ಬರು’ ಧಾತುವಿನ ಮಕ್ಕಳೇ.

ಆ ಕೊಟ್ಟಿಗೆಯ ದನಗಾಹಿ ಕನ್ನಡದವನಾಗಿದ್ದರೆ ‘ನಂಗೆ ಹಾಡೋಕೆ ಬರಲ್ಲ’ ಎನ್ನುತ್ತಿದ್ದ. ಅವನು ಅಂದದ್ದೂ ಹೆಚ್ಚುಕಡಿಮೆ ಅದನ್ನೇ. ಬೆಳಗಾಗುವಷ್ಟರಲ್ಲಿ ಹಾಡು ಬಂದಿತ್ತು.