ಹಲ್ಲು ಹೇಳುವ ಲೆಕ್ಕ

ಹೊಗೆನಕಲ್ ಎಂದೊಡನೆ ನಮಗೆ ನೆನಪಾಗುವುದು ಜಲಪಾತ, ಹರಿಗೋಲು, ಹುರಿದ ಮೀನು. ಹಿರಿಯರಿಗೆ 2008ರ ಗಲಾಟೆಯೂ ನೆನಪಿರಬಹುದು. ಅಲ್ಲಿಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಒಯ್ಯುವ ಯೋಜನೆಗೆ ಆ ವರ್ಷ ತಮಿಳುನಾಡು ಶಂಕುಸ್ಥಾಪನೆ ಮಾಡಿತು. ಎರಡೂ ರಾಜ್ಯಗಳಲ್ಲಿ ಪ್ರತಿಭಟನೆ ನಡೆಯಿತು. ನದಿ ಯಾರದೆಂಬ ಕೂಗಿನ ನಡುವೆ, ಆ ನೀರು ಯಾಕೆ ಬೇಕಾಯಿತು ಎಂದು ಕೇಳಿದವರು ಕಡಿಮೆ.

ಕಾರಣ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಏಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಕಾಯಿಸಿದರೂ ಅದು ಹೋಗದು. ಆ ಎರಡು ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿಗಳ ಕಥೆ ಇದು. ನಮ್ಮ ಪಾವಗಡ, ಕೋಲಾರದವರಿಗೂ ಹೊಸದೇನಲ್ಲ. ಹೊಸೂರು, ಡೆಂಕಣಿಕೋಟೆ ಕಡೆ ಕನ್ನಡ ಮಾತನಾಡುವ ಮನೆಗಳೂ ಸಾಕಷ್ಟಿವೆ.

ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲದಿಂದ, ಸುಮಾರು 1,928 ಕೋಟಿ ರೂಪಾಯಿಯ ಈ ಯೋಜನೆ 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಸಾಲವೆಂದರೆ ದಾನವಲ್ಲ, ಬಡ್ಡಿ ಕಡಿಮೆಯಿದ್ದರೂ ತೀರಿಸಲೇಬೇಕು. ಆದ್ದರಿಂದ ಫಲವೇನೆಂದು ಕೇಳುವುದು ಜನರ ಹಕ್ಕು.

ಆ ಫಲವನ್ನು ಅಳೆಯುವುದು ಹೇಗೆ? ಎಷ್ಟು ಕಿಲೋಮೀಟರ್ ಪೈಪು, ಎಷ್ಟು ಟ್ಯಾಂಕು ಎಂದು ಎಣಿಸುವುದು, ಮದುವೆ ಊಟದಲ್ಲಿ ಹಾಕಿದ ಎಲೆ ಎಣಿಸಿದಂತೆ. ಉಂಡವರ ಹೊಟ್ಟೆ ತುಂಬಿತೇ ಎಂಬುದು ಬೇರೆಯೇ ಲೆಕ್ಕ.

ಇಲ್ಲಿ ಆ ಲೆಕ್ಕ ಮಕ್ಕಳ ಬಾಯಲ್ಲಿದೆ. ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ಹೆಚ್ಚಾಗಿ ಎಂಟು ವರ್ಷದೊಳಗೆ, ಈ ಕಲೆಯ ಬೀಜ ಬೀಳುತ್ತದೆ. ಬಿದ್ದ ಕಲೆ ಒಳ್ಳೆಯ ನೀರು ಕುಡಿದರೂ ಅಳಿಯದು. ಹಾಗಾಗಿ ಅಣ್ಣನ ಹಲ್ಲು ನೋಡಿ ಯೋಜನೆ ಸೋತಿತೆನ್ನಬಾರದು. ಒಳ್ಳೆಯ ನೀರು ಬಂದ ಮೇಲೆ ಹುಟ್ಟಿದ ತಂಗಿಯ ಹಲ್ಲು ನೋಡಬೇಕು. ಒಂದೇ ಮನೆ, ಒಂದೇ ಅಡಿಗೆ. ಬದಲಾದದ್ದು ಮುಖ್ಯವಾಗಿ ನೀರು.

ತಂಗಿಯ ಹಲ್ಲೂ ಕಂದಾಗಿದ್ದರೆ? ಆಗ ಮುಂದಿನ ಪ್ರಶ್ನೆ ಕೇಳಬೇಕು. ನಲ್ಲಿಯಲ್ಲಿ ದಿನವೂ ನೀರು ಬರುತ್ತದೆಯೇ? ಟ್ಯಾಂಕಿಗೆ ಕೊಳವೆಬಾವಿ ನೀರೂ ಬೆರೆಯುತ್ತಿದೆಯೇ? ಕುಡಿಯಲು ನದಿ ನೀರು, ಅನ್ನ ಸಾರಿಗೆ ಹಳೆಯ ನೀರೇ ಆಗಿದ್ದರೆ, ಬಿಟ್ಟ ಫ್ಲೋರೈಡ್ ತಟ್ಟೆಯ ದಾರಿಯಲ್ಲಿ ಮರಳಿ ಬರುತ್ತದೆ. ಇದನ್ನು ಕಡತ ಹೇಳುವುದಿಲ್ಲ. ಅಡಿಗೆ ಮನೆಯ ತಾಯಿ ಹೇಳುತ್ತಾಳೆ.

ಪ್ರಿಯ ಓದುಗರೇ, ನಮ್ಮೂರುಗಳಿಗೂ ನೀರಿನ ಯೋಜನೆಗಳು ಬರುತ್ತಿವೆ. ಉದ್ಘಾಟನೆಗೆ ಚಪ್ಪಾಳೆ ತಟ್ಟೋಣ. ಆದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ನಲ್ಲಿ ನೀರಿನ ಪರೀಕ್ಷಾ ವರದಿ ಎಲ್ಲಿ ಎಂದೂ ಕೇಳೋಣ.